ಮುಳ್ಳು ಎಲ್ಲಿ ನಿಂತಿತ್ತು

ಫೆಬ್ರವರಿ ೩

ಅತ್ತೆಗೆ ನಮಸ್ಕಾರ.

ಫೋನಿನಲ್ಲಿ ಕೂಗಿದರೆ ನಿಮಗೆ ಅರ್ಧ ಕೇಳಿಸುತ್ತದೆ, ನಮ್ಮ ಬೀದಿಗೆ ಪೂರ್ತಿ ಕೇಳಿಸುತ್ತದೆ. ಅದಕ್ಕೇ ಕಾಗದ ಹಾಕುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರಾಮ. ಕಾರು ಮಾತ್ರ ಸ್ವಲ್ಪ ಬಿಸಿಯಾಗಿದೆ. ಮೊನ್ನೆ ಪಾಠದ ಮಧ್ಯೆ ಬಾನೆಟ್ಟಿನಿಂದ ಸ್ವಲ್ಪ ಆವಿ ಬಂತು. ಸ್ವಲ್ಪ ಹೊತ್ತು ನಿಲ್ಲಿಸಿ, ನೀರು ಹಾಕಿ, ಹೇಗೋ ಮನೆಗೆ ತಂದೆ. ಈಗ ಶೆಡ್ಡಿನಲ್ಲಿದೆ.

ನನ್ನ ಡ್ರೈವಿಂಗ್ ಸ್ಕೂಲು ಎಂದರೆ ಈ ಒಂದು ಕಾರು ಅಷ್ಟೇ ಎಂಬುದು ನಿಮಗೆ ಗೊತ್ತು. ಭಾವನ ಸ್ಕೂಲಿನಲ್ಲಿ ಸಂಬಳಕ್ಕೆ ಕಲಿಸುವುದು ಬಿಟ್ಟು ಬಂದು ಇನ್ನೂ ವರ್ಷ ತುಂಬಿಲ್ಲ. ಹೆಂಡತಿಯ ಅಣ್ಣ ಎನ್ನುವುದು ಬಿಟ್ಟರೆ ಅವರ ಮೇಲೆ ನನಗೆ ದೂರಿಲ್ಲ. ಆದರೆ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಲಿಸುವವರೆಲ್ಲ ಕಲಿಯುವವರ ಮೇಲೆ ಕಿರುಚುತ್ತಾರೆ. ನನ್ನಿಂದ ಆಗಲಿಲ್ಲ. ಮಾರ್ಚ್ ಮಧ್ಯದಲ್ಲಿ ನನ್ನ ಮೊದಲ ತಂಡಕ್ಕೆ ಲೈಸೆನ್ಸ್ ಪರೀಕ್ಷೆ ಇದೆ. ಆ ದಿನ ಕಾರು ಇಲ್ಲದಿದ್ದರೆ ಅವರೆಲ್ಲ ಬೇರೆ ಕಡೆ ಹೋಗುತ್ತಾರೆ. ಸ್ಕೂಲು ಅಲ್ಲಿಗೆ ಮುಗಿಯಿತು, ನಾನು ಮತ್ತೆ ಭಾವನ ಬಾಗಿಲಿಗೆ.

ಮೆಕ್ಯಾನಿಕ್ ಒಬ್ಬ ಬಂದು, ಬಾನೆಟ್ ಎತ್ತಿ ನೋಡಿ, ಇಂಜಿನ್ನೇ ಬದಲಾಯಿಸಿ ಎಂದು ಹೇಳಿ ಹೋದ. ಬದಲಾಯಿಸಿಬಿಡಲೇ? ನಿಮ್ಮ ಮಾತು ಕೇಳಿ ಮುಂದುವರಿಯೋಣ ಎಂದುಕೊಂಡೆ.

ನಿಮ್ಮ ಮೌನಿ


ಫೆಬ್ರವರಿ ೯

ಮೌನಿ,

ಒಂದು ಪುಟದ ಕಾಗದದಲ್ಲಿ ಎಷ್ಟು ಕಡೆ 'ಸ್ವಲ್ಪ' ಬರೆದಿದ್ದೀಯ, ನೀನೇ ತಿರುಗಿ ಓದಿ ನೋಡು. ಸ್ವಲ್ಪ ಬಿಸಿ, ಸ್ವಲ್ಪ ಆವಿ. ಚಿಕ್ಕವನಿದ್ದಾಗಲೂ ಹೀಗೆಯೇ. ಮರದಿಂದ ಬಿದ್ದು ಕೈ ಮುರಿದುಕೊಂಡು ಬಂದು, ಅತ್ತೆ ಕೈ ಸ್ವಲ್ಪ ನೋಯುತ್ತಿದೆ ಎಂದಿದ್ದೆ.

ಬಾನೆಟ್ ಎತ್ತಿ ನೋಡಿದ ಮಾತ್ರಕ್ಕೆ ಇಂಜಿನ್ ಬದಲಾಯಿಸು ಎನ್ನುವವನನ್ನು ಅಂಗಳಕ್ಕೆ ಸೇರಿಸಬೇಡ. ಜ್ವರ ಬಂದವನಿಗೆ ತಲೆ ಬದಲಾಯಿಸುತ್ತಾರೆಯೇ? ನಮ್ಮ ಹಿಟ್ಟಿನ ಗಿರಣಿಯ ಇಂಜಿನ್ ನನ್ನ ಕಿವಿ ತಿಂದಿತು ನಿಜ, ಆದರೆ ಒಂದು ಬುದ್ಧಿಯನ್ನೂ ಕೊಟ್ಟಿತು. ಮೆಕ್ಯಾನಿಕ್ಕಿಗೆ ಹೇಳಿ ಕಳಿಸಿದರೆ ಅವನು ಬರುವಷ್ಟರಲ್ಲಿ ಜನ ಗೋಧಿ ಚೀಲ ಹೊತ್ತು ವಾಪಸು ಹೋಗುತ್ತಿದ್ದರು. ಆಮೇಲೆ ನಾನೇ ಸ್ಪ್ಯಾನರ್ ಹಿಡಿದೆ. ಬಿಚ್ಚಿ ನೋಡದೆ ಯಾವುದನ್ನೂ ಸತ್ತಿದೆ ಎನ್ನಬಾರದು.

ಮೊದಲು ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದರೆ ಮುಖವೇ ಬೇಯುತ್ತದೆ. ಕೆಳಗಿನ ರಬ್ಬರ್ ಪೈಪಿನ ಕ್ಲಿಪ್ ಸಡಿಲವಾಗಿದೆಯೇ ಎಂದು ಬೆರಳಿಟ್ಟು ನೋಡು. ಫ್ಯಾನು ತಿರುಗುತ್ತದೆಯೇ ನೋಡು. ಆಮೇಲೆ ಥರ್ಮೋಸ್ಟಾಟ್ ಬಿಚ್ಚಿಕೋ. ನೀರಿನ ದಾರಿಗೆ ಅದೊಂದು ಪುಟ್ಟ ಬಾಗಿಲು ಇದ್ದ ಹಾಗೆ, ಬಿಸಿಯಾದಾಗ ತಾನೇ ತೆರೆಯಬೇಕು. ಒಂದು ಪಾತ್ರೆಯಲ್ಲಿ ನೀರು ಹಾಕಿ, ಅದನ್ನು ಮುಳುಗಿಸಿ, ಒಲೆಯ ಮೇಲಿಡು. ಕುದಿ ಬರುವ ಹೊತ್ತಿಗೆ ಬಾಯಿ ಬಿಡದಿದ್ದರೆ ಕಳ್ಳ ಅದೇ.

ಮುಖ್ಯವಾದ ಒಂದು ಮಾತು ನೀನು ಬರೆದೇ ಇಲ್ಲ. ಆವಿ ಬಂದಾಗ ಬಿಸಿ ತೋರಿಸುವ ಮೀಟರಿನ ಮುಳ್ಳು ಎಲ್ಲಿ ನಿಂತಿತ್ತು? ಕೆಂಪಿಗೆ ಎಷ್ಟು ಹತ್ತಿರ? ಅದನ್ನು ತಿಳಿಸು.

ಅತ್ತೆ


ಫೆಬ್ರವರಿ ೧೫

ಅತ್ತೆಗೆ ನಮಸ್ಕಾರ.

ಕ್ಲಿಪ್ ಸಡಿಲವಿತ್ತು. ಕೆಳಗೆ ನೀರು ಜಿನುಗಿ ಒಣಗಿದ ಬಿಳಿ ಗುರುತೂ ಇತ್ತು. ಬಿಗಿ ಮಾಡಿದೆ. ಫ್ಯಾನು ಸರಿಯಿದೆ. ಥರ್ಮೋಸ್ಟಾಟ್ ಕುದಿಸಿದೆ. ಕುದಿ ಹತ್ತುವ ಹೊತ್ತಿಗೆ ಅದು ಶಿಸ್ತಾಗಿ ಬಾಯಿ ಬಿಟ್ಟಿತು. ಬಾಯಿ ಮುಚ್ಚದೆ ಇದ್ದದ್ದು ನಿಮ್ಮ ಸೊಸೆ. ನಾನು ತೆಗೆದುಕೊಂಡದ್ದು ಹಾಲಿನ ಪಾತ್ರೆಯಂತೆ. ಪಾತ್ರೆಗಳೆಲ್ಲ ನನಗೆ ಒಂದೇ ಥರ ಕಾಣುತ್ತವೆ ಎಂದದ್ದಕ್ಕೆ, "ನಿಮಗೆ ಕಾರುಗಳು ಮಾತ್ರ ಬೇರೆ ಬೇರೆ ಥರ ಕಾಣತ್ವೆ ಅಲ್ವಾ" ಎಂದಳು. ಈಗ ಆ ಪಾತ್ರೆ ಶೆಡ್ಡಿನಲ್ಲೇ ಇದೆ. ಅಡುಗೆಮನೆಗೆ ಮರಳಿ ಪ್ರವೇಶವಿಲ್ಲ.

ಹಾಗಾದರೆ ರೋಗ ಏನು? ಸ್ಟಾರ್ಟ್ ಮಾಡಿದರೆ ಹಿಂದಿನಿಂದ ಬಿಳಿ ಹೊಗೆಯೂ ಬರುತ್ತದೆ.

ಕಾಗದದಲ್ಲಿ ಇದೆಲ್ಲ ಮುಗಿಯುವುದಿಲ್ಲ ಅತ್ತೆ. ಮಾವ ಬಿಟ್ಟುಹೋದ ಕಾರು ನಿಮ್ಮ ಮನೆಯಲ್ಲಿ ಒಳ್ಳೆ ಸ್ಥಿತಿಯಲ್ಲಿದೆ. ಅದನ್ನೇ ಓಡಿಸಿಕೊಂಡು ಬಂದುಬಿಡಿ. ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಇಲ್ಲಿರುತ್ತೀರಿ.

ಮೌನಿ


ಫೆಬ್ರವರಿ ೨೦

ಮೌನಿ,

ಪಾತ್ರೆಯ ಕಥೆಗೆ ಅರ್ಧ ಪುಟ, ಬಿಳಿ ಹೊಗೆಗೆ ಒಂದು ಸಾಲು. ಮನೆಗೆ ಬೆಂಕಿ ಬಿದ್ದಾಗ ಪರದೆಯ ಬಣ್ಣದ ಬಗ್ಗೆ ಬರೆದ ಹಾಗಾಯಿತು. ಓದುತ್ತ ಓದುತ್ತ ನನ್ನ ಕಾಫಿ ತಣ್ಣಗಾಯಿತು.

ಬಿಳಿ ಹೊಗೆ ಎಂದರೆ ನೀರು ಹೋಗಬಾರದ ಜಾಗಕ್ಕೆ ಹೋಗುತ್ತಿದೆ. ಇಂಜಿನ್ನಿನ ಹೊಟ್ಟೆಗೂ ತಲೆಗೂ ಮಧ್ಯೆ, ನೀರು ಸೋರದ ಹಾಗೆ, ತೆಳ್ಳನೆಯ ಹಾಳೆಯಂಥ ಗ್ಯಾಸ್ಕೆಟ್ ಇರುತ್ತದೆ. ಅದು ಸುಟ್ಟಿರಬೇಕು. ಇನ್ನು ಸ್ಟಾರ್ಟ್ ಮಾಡಿ ನೋಡುವ ಚಟ ಬಿಡು. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡು. ಎಣ್ಣೆ ಎಣ್ಣೆಯ ಹಾಗಿದ್ದರೆ ಪುಣ್ಯ. ಹಾಲು ಹಾಕಿದ ಚಹಾದ ಹಾಗಿದ್ದರೆ ತಲೆ ಬಿಚ್ಚಲೇಬೇಕು.

ಬಿಚ್ಚುವಾಗ ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಎಲ್ಲವನ್ನೂ ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಸಡಿಲಿಸು. ನಿನ್ನ 'ಸ್ವಲ್ಪ' ಇಲ್ಲಿ ಉಪಯೋಗಕ್ಕೆ ಬರಲಿ. ರಟ್ಟಿನ ಮೇಲೆ ಇಂಜಿನ್ನಿನ ಚಿತ್ರ ಬರೆದು, ಯಾವ ಬೋಲ್ಟು ಎಲ್ಲಿಯದೋ ಅಲ್ಲೇ ಚುಚ್ಚಿಡು.

ಇಷ್ಟೆಲ್ಲ ಮಾಡಲು ದಿನ ಹಿಡಿಯುತ್ತದೆ. ಪರೀಕ್ಷೆಯ ದಿನಕ್ಕೆ ಭಾವನ ಹತ್ತಿರ ಒಂದು ಕಾರು ಕೇಳಿ ಇಟ್ಟುಕೋ. ಕೇಳಿದೆಯಾ, ಇಲ್ಲವಾ? ಮುಳ್ಳು ಎಲ್ಲಿತ್ತು ಎಂಬುದನ್ನೂ ಬರೆದಿಲ್ಲ. ಬರೆ.

ನಾನು ಬರುವುದು ಆಗುವುದಿಲ್ಲ. ಮಂಡಿ ನೋವು.

ಅತ್ತೆ


ಫೆಬ್ರವರಿ ೨೬

ಅತ್ತೆಗೆ ನಮಸ್ಕಾರ.

ಹಾಲು ಹಾಕಿದ ಚಹಾವೇ. ನಿಮ್ಮ ಸೊಸೆ ಇಣುಕಿ ನೋಡಿ, ಇನ್ನು ಒಂದು ವಾರ ಚಹಾ ಬೇಡ ಎಂದಳು.

ತಲೆ ಬಿಚ್ಚಿದ್ದೇನೆ. ಬೋಲ್ಟುಗಳೆಲ್ಲ ರಟ್ಟಿನಲ್ಲಿವೆ. ಗ್ಯಾಸ್ಕೆಟ್ ಎರಡು ಕಡೆ ಕರಕಲಾಗಿ ತಿಂದುಹೋಗಿದೆ.

ಮುಳ್ಳಿನ ವಿಷಯ. ನೀವು ಬಿಡುವುದಿಲ್ಲ ಎಂದು ಗೊತ್ತಾಯಿತು, ಬರೆದುಬಿಡುತ್ತೇನೆ. ಮುಳ್ಳು ಎಲ್ಲಿತ್ತೋ ನನಗೆ ಗೊತ್ತಿಲ್ಲ. ಅದರ ಮೇಲೆ ನಾನೇ ಕಪ್ಪು ಕಾಗದ ಅಂಟಿಸಿದ್ದೆ. ಹೊಸದಾಗಿ ಕಲಿಯುವವರು ರಸ್ತೆ ಬಿಟ್ಟು ಆ ಮುಳ್ಳು, ಈ ದೀಪ ಎಂದು ಕೆಳಗೇ ನೋಡುತ್ತಾರೆ, ಗಾಬರಿಯಾಗುತ್ತಾರೆ. ಅದಕ್ಕೆ ವೇಗದ ಮುಳ್ಳೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದ್ದೆ. ಪಾಠದ ಹೊತ್ತಿನಲ್ಲಿ ಯಾರೂ ಮಾತಾಡಬಾರದು ಎಂಬುದೂ ನನ್ನದೇ ನಿಯಮ. ಭಾವನ ಕಾರಿನ ಗದ್ದಲ ನನ್ನ ಕಾರಿನಲ್ಲಿ ಬೇಡ, ಶಾಂತವಾಗಿ ಕಲಿಯಲಿ ಎಂದು.

ಆ ದಿನ ಸ್ಟಿಯರಿಂಗ್ ಹಿಡಿದವರು ನಮ್ಮ ಮುಂದಿನ ಬೀದಿಯ ದರ್ಜಿಯಮ್ಮ. ನನಗೆ ನೆಗಡಿ, ಮೂಗು ಕಟ್ಟಿತ್ತು. ಮಾರುಕಟ್ಟೆ ದಾಟಿ, ಸೇತುವೆ ದಾಟಿ, ಆಸ್ಪತ್ರೆಯ ಏರು ಹತ್ತಿಸಿದರು. ಮೇಲೆ ಹೋಗಿ ಗಾಡಿ ಉಸಿರು ಕಟ್ಟಿ ನಿಂತ ಮೇಲೆ ನನ್ನ ಕಡೆ ತಿರುಗಿ ಹೇಳಿದರು.

"ಸಾರ್, ಮಾರ್ಕೆಟ್ಟಿಂದ್ಲೂ ಏನೋ ಸುಟ್ಟ ವಾಸನೆ ಬರ್ತಿತ್ತು. ನೀವು ಮಾತಾಡ್ಬೇಡಿ ಅಂದಿದ್ರಲ್ಲ, ಸುಮ್ನಿದ್ದೆ. ಇದೂ ಪಾಠದಲ್ಲಿ ಸೇರಿದ್ದೇನೋ ಅನ್ಕೊಂಡೆ."

ಪಾಪ, ನಾನು ಹೇಳಿಕೊಟ್ಟ ಹಾಗೆಯೇ ಓಡಿಸಿದರು. ಅವರ ಮೇಲೆ ಒಂದು ತಪ್ಪೂ ಹೊರಿಸಲು ಬರುವುದಿಲ್ಲ.

ಮಂಡಿ ನೋವಿಗೆ ಇಲ್ಲಿ ಒಳ್ಳೆ ಡಾಕ್ಟರಿದ್ದಾರೆ. ನಿಧಾನವಾಗಿ ಓಡಿಸಿಕೊಂಡು ಬಂದರಾಯಿತು.

ಮೌನಿ


ಮಾರ್ಚ್ ೩

ಮೌನಿ,

ನಿನ್ನ ಕಾಗದ ಹಿಡಿದುಕೊಂಡು ಮನೆ ತುಂಬ ಓಡಾಡಿದೆ. ಬೈಯಲು ಎದುರಿಗೆ ಯಾರೂ ಇರಲಿಲ್ಲ, ಗೋಡೆಗೆ ಬೈದೆ. ಮುಳ್ಳಿನ ಕಣ್ಣು ಕಟ್ಟಿದೆ, ಕಲಿಯುವವರ ಬಾಯಿ ಕಟ್ಟಿದೆ, ಮೂಗನ್ನು ನೆಗಡಿ ಕಟ್ಟಿತು. ಪಾಪದ ಇಂಜಿನ್ ಇನ್ನು ಯಾರಿಗೆ ಹೇಳಬೇಕಿತ್ತು? ಶಾಂತಿ ಬೇಕು ಎಂದರೆ ಯಾರೂ ಏನೂ ಹೇಳಬಾರದು ಎಂದಲ್ಲ, ಮಹಾರಾಯ.

ಬೈದದ್ದಾಯಿತು. ಈಗ ಕೆಲಸದ ಮಾತು. ತಲೆಯನ್ನು ಸ್ವಚ್ಛ ಮಾಡಿ ಮಗುಚಿಡು. ಸ್ಟೀಲ್ ಪಟ್ಟಿಯನ್ನು ಅಂಚು ಕೆಳಗಾಗಿ ಅದರ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಿಡಿ. ಪಟ್ಟಿಯ ಕೆಳಗಿಂದ ಬೆಳಕು ನುಸುಳಿದರೆ ತಲೆ ಬಾಗಿದೆ ಎಂದು ಅರ್ಥ. ಲೇತ್ ಅಂಗಡಿಯವನು ಹೆರೆದು ಸಮ ಮಾಡಿಕೊಡುತ್ತಾನೆ, ಅದು ದೊಡ್ಡ ವಿಷಯವಲ್ಲ.

ಭಯ ಇರುವುದು ಇಂಜಿನ್ನಿನ ಹೊಟ್ಟೆಯದು. ಸಿಲಿಂಡರುಗಳ ಮಧ್ಯದ ಜಾಗವನ್ನು ಸೀಮೆಎಣ್ಣೆಯಲ್ಲಿ ಒರೆಸು. ಬಟ್ಟೆಯಿಂದ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಕಾಯಿ. ಬಿರುಕಿದ್ದರೆ ಅದರೊಳಗೆ ಹೋದ ಎಣ್ಣೆ ಹೊರಗೆ ಬಂದು ಪುಡಿಯ ಮೇಲೆ ಕೂದಲಿನಂಥ ಗೆರೆ ಬರೆಯುತ್ತದೆ. ಗೆರೆ ಬಿದ್ದರೆ ನನಗೆ ಬರೆದು ಕೇಳುವುದೂ ಬೇಡ, ಆ ಇಂಜಿನ್ನಿಗೆ ಕೈ ಮುಗಿದುಬಿಡು. ಗುಜರಿಯಲ್ಲಿ ಅಪಘಾತವಾದ ಗಾಡಿಯ ಒಳ್ಳೆ ಇಂಜಿನ್ ಸಿಗುತ್ತದೆ, ಹುಡುಕು.

ಮತ್ತೆ, ಭಾವನ ಹತ್ತಿರ ಕಾರು ಕೇಳಿದೆಯಾ? ಹಿಂದಿನ ಕಾಗದದಲ್ಲಿ ಕೇಳಿದ್ದೆ. ಮಂಡಿಗೆ ಡಾಕ್ಟರನ್ನು ಹುಡುಕುವಷ್ಟು ಪುರುಸೊತ್ತಿದೆ, ಇದಕ್ಕೆ ಒಂದು ಸಾಲು ಉತ್ತರ ಬರೆಯಲು ಇಲ್ಲ.

ಅತ್ತೆ


ಮಾರ್ಚ್ ೮

ಅತ್ತೆಗೆ ನಮಸ್ಕಾರ.

ತಲೆ ಬಾಗಿತ್ತು, ಲೇತ್ ಅಂಗಡಿಗೆ ಕೊಟ್ಟು ಹೆರೆಸಿಕೊಂಡು ಬಂದೆ. ಕನ್ನಡಿಯ ಹಾಗಾಗಿದೆ. ಸೀಮೆಸುಣ್ಣದ ಪುಡಿಯ ಮೇಲೆ ಗೆರೆ ಬಿತ್ತು. ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಮಧ್ಯೆ, ತೀರಾ ಸಣ್ಣ ಗೆರೆ. ಟಾರ್ಚ್ ಬಿಟ್ಟರಷ್ಟೇ ಕಾಣುತ್ತದೆ.

ಕೈ ಮುಗಿದುಬಿಡು ಎಂದಿರಿ, ಮನಸ್ಸು ಬರುತ್ತಿಲ್ಲ. ಇಷ್ಟು ದಿನ ಗಾಡಿ ಓಡಿಸಿದ್ದೆ ಹೊರತು ಅದರ ಒಳಗೆ ಏನಿದೆ ಎಂದು ನೋಡಿರಲಿಲ್ಲ. ಈಗ ಒಂದೊಂದು ವಾಲ್ವನ್ನೂ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ಸಾಲಾಗಿ ಇಟ್ಟಿದ್ದೇನೆ. ಶೆಡ್ಡಿನಲ್ಲಿ ಎಷ್ಟು ನಿಶ್ಶಬ್ದ ಗೊತ್ತೇ? ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ಪಿನ್ನು ಹೊಡೆದು, ಹೊಲಿಗೆ ಹಾಕಿದ ಹಾಗೆ ಕೂಡಿಸುವವರಿದ್ದಾರೆ ಎಂದು ಲೇತ್ ಅಂಗಡಿಯವನು ಹೇಳಿದ. ನಾನೇ ಕಲಿತು ಮಾಡಿದರೆ ಹೇಗೆ? ನೀವೂ ಹಾಗೇ ಅಲ್ಲವೇ ಕಲಿತದ್ದು.

ಕಲಿಯುವವರು ದಿನಾ ಬಂದು ಬಾಗಿಲಲ್ಲಿ ನಿಂತು ಹೋಗುತ್ತಾರೆ. ಆಗುತ್ತದೆ, ಆಗುತ್ತದೆ ಎಂದು ಹೇಳಿ ಕಳಿಸುತ್ತೇನೆ. ಪರೀಕ್ಷೆ ಮುಂದಿನ ವಾರ.

ಭಾವನ ವಿಷಯ. ಕಾರು ಕೆಟ್ಟ ಮಾರನೇ ದಿನವೇ ಕೇಳಿದ್ದೆ. ಕೊಡುತ್ತೇನೆ ಎಂದರು, ಆದರೆ ಕಾರಿನ ಮೇಲಿನ ಸ್ಕೂಲಿನ ಬೋರ್ಡು ಬಿಚ್ಚುವ ಹಾಗಿಲ್ಲ, ಅವರ ಸ್ಕೂಲಿನ ಹೆಸರಿನಲ್ಲೇ ಪರೀಕ್ಷೆಗೆ ಹೋಗಬೇಕು. ನಾನು ಹಾಗೇ ಎದ್ದು ಬಂದೆ. ಅದರ ಬದಲು ಸ್ಕೂಲು ಮುಚ್ಚಬಹುದು.

ಮೌನಿ


ಮಾರ್ಚ್ ೧೧

ಮೌನಿ,

ಈ ಕಾಗದ ಬೇಗ ತಲುಪಲಿ ಎಂದು ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರು ನಿನ್ನ ಊರಿನ ಮೇಲೇ ಹೋಗುತ್ತಾರೆ.

ಬಿಚ್ಚು ಎಂದವಳು ನಾನು. ಬಾನೆಟ್ ಮುಚ್ಚು ಎನ್ನುವವಳೂ ನಾನೇ. ನೀನು ಈಗ ಇಂಜಿನ್ ರಿಪೇರಿ ಮಾಡುತ್ತಿಲ್ಲ, ಅದರ ಕೆಳಗೆ ಅಡಗಿ ಕೂತಿದ್ದೀಯ. ಅಲ್ಲಿ ಯಾರೂ ನಿನ್ನನ್ನು ಏನೂ ಕೇಳುವುದಿಲ್ಲ. ಬಾಗಿಲಲ್ಲಿ ನಿಂತವರು ಕೇಳುತ್ತಿದ್ದಾರೆ. ತಿಂಗಳುಗಟ್ಟಲೆ ನಿನ್ನನ್ನು ನಂಬಿ ಕಲಿತವರು ಅವರು.

ಬೋರ್ಡು ಸ್ಟಿಯರಿಂಗ್ ತಿರುಗಿಸುತ್ತದೆಯೇ? ಬೋರ್ಡು ಹಿಮ್ಮುಖವಾಗಿ ಗಾಡಿ ನಿಲ್ಲಿಸುತ್ತದೆಯೇ? ಪರೀಕ್ಷೆ ಬೋರ್ಡಿಗಲ್ಲ. ಇವತ್ತೇ ಕೈ ತೊಳೆದುಕೊಂಡು ಭಾವನ ಹತ್ತಿರ ಹೋಗು. ಯಾವ ಬೋರ್ಡು ಹಾಕಿದರೂ ಸರಿ, ಅವರನ್ನು ಕೂರಿಸಿಕೊಂಡು ಹೋಗು. ಹೋಗದಿದ್ದರೆ ನೀನು ಹೇಳಿದ ಹಾಗೆ ಸ್ಕೂಲು ಮುಚ್ಚು, ಆದರೆ ಅದಕ್ಕೆ ಕಾರಣ ಇಂಜಿನ್ ಎಂದು ಮಾತ್ರ ನನಗೆ ಬರೆಯಬೇಡ.

ಅತ್ತೆ


ಏಪ್ರಿಲ್ ೨

ಮೌನಿ,

ಪರೀಕ್ಷೆ ಮುಗಿದು ಎಷ್ಟೋ ದಿನವಾಯಿತು. ಅಂಚೆಯವನು ಗೇಟು ದಾಟಿ ಹೋಗುವುದನ್ನು ನೋಡುವುದೇ ನನ್ನ ಕೆಲಸವಾಗಿದೆ. ಅವನೂ ಈಗ ತಲೆ ಬಗ್ಗಿಸಿಕೊಂಡು ಹೋಗುತ್ತಾನೆ, ತಪ್ಪು ತನ್ನದೇ ಎನ್ನುವ ಹಾಗೆ.

ಹಿಂದಿನ ಕಾಗದ ಜೋರಾಯಿತೇನೋ. ಕಿವುಡರು ಮಾತಾಡುವಾಗ ಜೋರಾಗುತ್ತದೆ, ಬರೆಯುವಾಗಲೂ ಹಾಗೇ ಆಗುತ್ತದೆಂದು ಕಾಣುತ್ತದೆ. ಹೋದೆಯೋ, ಇಲ್ಲವೋ? ಹೋಗದಿದ್ದರೂ ಬೈಯುವುದಿಲ್ಲ. ಸ್ಕೂಲು ಮುಚ್ಚಿದ್ದರೂ ಬರೆ. ಊಟ ಸರಿಯಾಗಿ ಮಾಡುತ್ತಿದ್ದೀಯಾ ಎಂದಾದರೂ ಬರೆ.

ಅತ್ತೆ


ಏಪ್ರಿಲ್ ೬

ಅತ್ತೆಗೆ ನಮಸ್ಕಾರ.

ಊಟ ಮಾಡುತ್ತಿದ್ದೇನೆ. ಬರೆಯದೇ ಇದ್ದದ್ದು ಕೋಪಕ್ಕಲ್ಲ. ಏನೆಂದು ಬರೆಯಬೇಕು ಎಂದು ತಿಳಿಯಲಿಲ್ಲ.

ನಿಮ್ಮ ಕಾಗದ ಬಂದ ದಿನವೇ ಹೋದೆ. ಉಗುರಿನ ಕಪ್ಪು ಹೋಗಿರಲಿಲ್ಲ. ಭಾವ ಅದನ್ನು ನೋಡಿದರು, ಕೀ ಕೊಟ್ಟರು. ಬೋರ್ಡು ಎಷ್ಟು ದೊಡ್ಡದೆಂದರೆ ಕಾರೇ ಅದರ ಕೆಳಗೆ ನೇತಾಡುವ ಹಾಗಿತ್ತು. ಪರೀಕ್ಷೆಯ ಮೈದಾನದಲ್ಲಿ ಹಳೆಯ ಜೊತೆಗಾರರೆಲ್ಲ ಇದ್ದರು. ಒಬ್ಬ ಹತ್ತಿರ ಬಂದು, "ಏನ್ ಮೇಷ್ಟ್ರೇ, ವಾಪಸ್ ಬಂದ್ರಾ" ಎಂದ. ನಾನು ಕನ್ನಡಿ ಒರೆಸುತ್ತ ನಿಂತೆ.

ಒಬ್ಬರನ್ನು ಬಿಟ್ಟು ಎಲ್ಲರೂ ಪಾಸಾದರು. ದರ್ಜಿಯಮ್ಮನೂ ಪಾಸು. ಫೇಲಾದವರು ಮತ್ತೆ ನನ್ನ ಹತ್ತಿರವೇ ಕಲಿಯುತ್ತಾರಂತೆ. ಎಲ್ಲಿ ಕಲಿಸುವುದು? ಹೊಗಳಿಕೆಯೆಲ್ಲ ಬೋರ್ಡಿಗೆ ಹೋಯಿತು. ಮಾರನೇ ದಿನದಿಂದ ಭಾವನ ಕಾರಿನಲ್ಲೇ ಬೆಳಗಿನ ಪಾಠ ಶುರುಮಾಡಿದೆ, ಸಂಬಳಕ್ಕೆ. ಇದನ್ನು ನಿಮಗೆ ಬರೆಯಲು ಕೈ ಬರಲಿಲ್ಲ.

ಮೊನ್ನೆ ಭಾನುವಾರ ಭಾವ ಶೆಡ್ಡಿಗೆ ಬಂದರು. ಬಿಚ್ಚಿಟ್ಟ ಇಂಜಿನ್ನನ್ನು ಸುತ್ತಿ ಸುತ್ತಿ ನೋಡಿದರು. ನನ್ನನ್ನು ಪೂರ್ತಿ ತಮ್ಮ ಜೊತೆ ಸೇರಿಸಿಕೊಳ್ಳುವ ಮಾತು ಈಗ ಬರುತ್ತದೆ ಎಂದು ಕಾಯುತ್ತ ನಿಂತೆ. ಅವರು ಹಾಲಿನ ಪಾತ್ರೆ ಬೋರಲು ಹಾಕಿ, ಅದರ ಮೇಲೆ ಕೂತು ಹೇಳಿದರು.

"ನನ್ನ ಬೋರ್ಡ್ ನೋಡಿ ಜನ ಫೋನ್ ಮಾಡ್ತಿದ್ದಾರೆ ಕಣಯ್ಯ. ಆ ಬೈಯದೇ ಇರೋ ಮೇಷ್ಟ್ರು ಸಿಗ್ತಾರಾ ಅಂತ. ನಮ್ಮಲ್ಲಿ ಎಲ್ರೂ ಒಳ್ಳೇವ್ರೇ ಅಂದ್ರೆ ಫೋನ್ ಇಟ್ಬಿಡ್ತಾರೆ. ನನ್ ಹುಡುಗ್ರೆಲ್ಲ ಮುಖ ಊದಿಸ್ಕೊಂಡ್ ಕೂತಿದ್ದಾರೆ, ಕೆಲಸ ಬಿಡ್ತೀವಿ ಅಂತಾರೆ. ನಿನ್ನ ಇಟ್ಕೊಂಡ್ರೆ ಅವ್ರು ಹೋಗ್ತಾರೆ, ಕಳಿಸಿದ್ರೆ ಫೋನ್ ಮಾಡೋರು ಹೋಗ್ತಾರೆ. ನನ್ನ ತಲೆ ಕೆಟ್ಟಿದೆ. ಮೊದ್ಲು ಈ ಗಾಡಿ ಎಬ್ಬಿಸು. ನಿನ್ ಜನಾನ ನೀನು ಕರ್ಕೊಂಡು ಹೋಗು, ನನ್ ಪಾಡಿಗೆ ನನ್ನ ಬಿಡು."

ಮಾರನೇ ದಿನ ಇಂಜಿನ್ ಎತ್ತಲು ಚೈನ್ ಪುಲ್ಲಿ ಕಳಿಸಿದರು. ಗುಜರಿಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡ ಕಾರೊಂದಿತ್ತು, ಅದರ ಇಂಜಿನ್ ಚೆನ್ನಾಗಿದೆ. ಎಣ್ಣೆ ಎಣ್ಣೆಯ ಹಾಗೇ ಇದೆ. ಹಳೆಯದನ್ನು ಎತ್ತಿ ಹೊರಗಿಟ್ಟು, ಇದನ್ನು ಇಳಿಸಿ ಕೂರಿಸಿದೆವು. ಭಾವ ಚೈನು ಹಿಡಿದು ನನಗೂ, ಪುಲ್ಲಿಗೂ, ಇಂಜಿನ್ನಿಗೂ ಸೇರಿಸಿ ಕಿರುಚಿದರು. ಈ ಸಲ ಅಷ್ಟು ಬೇಸರವಾಗಲಿಲ್ಲ. ಕಪ್ಪು ಕಾಗದ ಕಿತ್ತುಹಾಕಿದ್ದೇನೆ. ಈಗ ಭಾವನ ಕಾರಿನಲ್ಲಿ ಕಲಿಯುವವರಿಗೂ, ವಾಸನೆ ಬಂದರೆ ಹೇಳಬೇಕೆಂದು ತಿಳಿಸಿದ್ದೇನೆ. ಅಂದಿನಿಂದ ಪಾಠ ಅರ್ಧ, ವಾಸನೆಯ ಮಾತು ಅರ್ಧ.

ಇನ್ನೂ ಸ್ಟಾರ್ಟ್ ಮಾಡಿಲ್ಲ. ನಿಮ್ಮನ್ನು ಕೇಳದೆ ಕೀ ತಿರುಗಿಸಲು ಧೈರ್ಯವಿಲ್ಲ. ಈ ಸಲವಾದರೂ ಮಾವನ ಕಾರು ತೆಗೆದುಕೊಂಡು ಬನ್ನಿ ಅತ್ತೆ. ನಿಮ್ಮ ಎದುರಿಗೇ ಸ್ಟಾರ್ಟ್ ಮಾಡೋಣ.

ಮೌನಿ


ಏಪ್ರಿಲ್ ೧೧

ಮೌನಿ,

ನನಗಾಗಿ ಕಾಯಬೇಡ. ರೇಡಿಯೇಟರ್ ಹೊಸದು ಹಾಕು, ಪೈಪುಗಳೂ ಹೊಸದಿರಲಿ, ಜಿಪುಣತನ ಮಾಡಬೇಡ. ನೀರನ್ನು ನಿಧಾನವಾಗಿ ತುಂಬು. ಮುಚ್ಚಳ ತೆರೆದಿಟ್ಟೇ ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿ, ಒಳಗಿನ ಗಾಳಿ ಗುಳ್ಳೆಗಳಾಗಿ ಬಂದು ಮುಗಿಯುವವರೆಗೆ ಬಿಡು. ನೀರು ಇಳಿದಷ್ಟು ತುಂಬಿಸಿ, ಬಿಸಿ ಏರುವ ಮೊದಲೇ ಮುಚ್ಚಳ ಹಾಕು. ಆಮೇಲೆ ಮುಳ್ಳು ಮಧ್ಯಕ್ಕೆ ಬಂದು ನಿಲ್ಲಬೇಕು. ನಿಂತರೆ ನಿನ್ನ ಸ್ಕೂಲು ತನ್ನ ಕಾಲ ಮೇಲೆ ನಿಂತ ಹಾಗೆ.

ಭಾವನ ಮಾತು ಓದಿ ನಕ್ಕು ಕಣ್ಣಲ್ಲಿ ನೀರು ಬಂತು. ಮನಸ್ಸಿಲ್ಲದೆ ಒಳ್ಳೆಯದು ಮಾಡುವವರಿಗೆ ಆಗುವಷ್ಟು ಕಷ್ಟ ಇನ್ನಾರಿಗೂ ಆಗುವುದಿಲ್ಲ.

ನನ್ನ ಮಂಡಿ ಚೆನ್ನಾಗಿಯೇ ಇದೆ. ಕಾರು ತೆಗೆದುಕೊಂಡು ಬಾ, ಬಾ ಎಂದು ಮತ್ತೆ ಮತ್ತೆ ಬರೆದು ನನ್ನನ್ನು ಗೋಳು ಹೊಯ್ದುಕೊಂಡೆ. ನನಗೆ ಕಾರು ಓಡಿಸಲು ಬರುವುದಿಲ್ಲ ಮಗಾ. ಬಿಚ್ಚಲು ಬರುತ್ತದೆ, ಕೂಡಿಸಲು ಬರುತ್ತದೆ. ವಾರಕ್ಕೊಮ್ಮೆ ನಿಂತಲ್ಲೇ ಸ್ಟಾರ್ಟ್ ಮಾಡಿ, ಇಂಜಿನ್ನಿನ ಮೇಲೆ ಅಂಗೈಯಿಟ್ಟು ಅದು ಹೇಗಿದೆ ಎಂದು ಹೇಳಬಲ್ಲೆ. ಸೀಟಿನಲ್ಲಿ ಕೂತು ರಸ್ತೆಗೆ ಇಳಿದವಳಲ್ಲ. ವಯಸ್ಸಿನಲ್ಲಿ ಒಮ್ಮೆ ಕೂತಿದ್ದೆ. ಪಕ್ಕದಲ್ಲಿ ನಿನ್ನ ಮಾವ, ಹಿಂದೆ ನಿನ್ನ ಅಪ್ಪ. ಒಬ್ಬರು ಕ್ಲಚ್ ಎಂದು ಕಿರುಚಿದರೆ ಇನ್ನೊಬ್ಬರು ಬ್ರೇಕ್ ಎಂದು ಕಿರುಚುತ್ತಿದ್ದರು. ಆಗ ನನಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ಕೀ ತೆಗೆದು ಅವರ ಕೈಗೆ ಕೊಟ್ಟು ಇಳಿದವಳು, ಬಾನೆಟ್ ಎತ್ತಿ ಅದರ ಕೆಳಗೆ ತಲೆ ಹಾಕಿದೆ. ಅಲ್ಲಿ ನಿಶ್ಶಬ್ದವಾಗಿತ್ತು. ಇಂಜಿನ್ ಕೆಳಗೆ ಅಡಗುವುದು ಹೇಗೆಂದು ತಿಳಿಯದೆ ನಿನಗೆ ಹಾಗೆ ಬರೆದೆನೇ?

ಮುಂದಿನ ಸೋಮವಾರ ಬಸ್ಸಿಗೆ ಬರುತ್ತೇನೆ, ನಿಲ್ದಾಣಕ್ಕೆ ಬಾ. ನಿನ್ನ ಹೊಸ ತಂಡದಲ್ಲಿ ನನ್ನನ್ನೂ ಸೇರಿಸಿಕೋ. ಈ ಕಿವಿಗೆ ಲೈಸೆನ್ಸ್ ಕೊಡುತ್ತಾರೋ ಇಲ್ಲವೋ, ಕೊಡದಿದ್ದರೆ ಬೇಡ, ಒಂದು ಖಾಲಿ ಮೈದಾನ ಸಾಕು. ನಾನು ತಪ್ಪು ಮಾಡಿದಾಗ ನೀನು ಏನೂ ಹೇಳಬೇಡ, ಭುಜ ಮುಟ್ಟು ಸಾಕು. ಮೂರನೇ ಗೇರಿಗೆ ಬಿದ್ದಾಗ ಇಂಜಿನ್ ಹೇಗೆ ಹಗುರಾಗುತ್ತದೆ ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದೇನೆ. ಅದನ್ನು ಒಂದು ಸಲ ಸೀಟಿನಲ್ಲಿ ಕೂತು ನೋಡಬೇಕು.

ಅತ್ತೆ